ಆಮ್ಲದಲ್ಲಿ ತೊಳೆಯಲಾಗಿದೆ

ನನ್ನ ಮೊದಲ ನೌಕರಿ ಬೂಷ್ಟಿಗೆ ಅಡುಗೆ ಮಾಡುವುದು. ನೇಮಕದ ಪತ್ರದಲ್ಲಿ ಹಾಗೆ ಬರೆದಿರಲಿಲ್ಲ, 'ಪ್ರಯೋಗಾಲಯ ಸಹಾಯಕಿ, ತಾತ್ಕಾಲಿಕ' ಎಂದಿತ್ತು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಸಾಗರದ ಮನೆಯಲ್ಲಿ ಕುಳಿತು, ನೋಡಲು ಬಂದ ಗಂಡುಗಳಿಗೆ ಉಪ್ಪಿಟ್ಟು ಮಾಡಿ ಮಾಡಿ ಸಾಕಾಗಿತ್ತು. ಅವರು ತಿಂದು, ಬಾಯಿ ಒರೆಸಿಕೊಂಡು, 'ತಿಳಿಸ್ತೀವಿ' ಎಂದು ಎದ್ದುಹೋಗುತ್ತಿದ್ದರು. ತಿಳಿಸಿದವರು ಒಬ್ಬರೂ ಇಲ್ಲ. ಬೂಷ್ಟು ಆ ವಿಷಯದಲ್ಲಿ ಮರ್ಯಾದಸ್ಥ. ಮಾಡಿದ ಅಡುಗೆ ಸೇರಿದರೆ ಬೆಳೆಯುತ್ತಿತ್ತು, ಸೇರದಿದ್ದರೆ ಬೆಳೆಯುತ್ತಿರಲಿಲ್ಲ. ವಾರದೊಳಗೆ ಉತ್ತರ ಸಿಗುತ್ತಿತ್ತು.

ಇದು ಅರವತ್ತರ ದಶಕದ ನಡುವಿನ ಮಾತು. ಪ್ರಯೋಗಾಲಯ ಇದ್ದದ್ದು ತೀರ್ಥಹಳ್ಳಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಹಳೆಯ ಸೋಡಾ ಫ್ಯಾಕ್ಟರಿಯಲ್ಲಿ. ಅಂಗಳದಲ್ಲಿ ಬಾಟಲಿ ತೊಳೆಯುವ ಸಿಮೆಂಟಿನ ತೊಟ್ಟಿ ಇದ್ದುದನ್ನು ಕಂಡೇ ಯಾರೋ ಮೇಲಿನವರು 'ಇದೇ ಸರಿಯಾದ ಜಾಗ' ಎಂದು ಬಾಡಿಗೆಗೆ ಹಿಡಿದಿದ್ದರಂತೆ. ನಾವು ಬಂದು ವರ್ಷವಾಗುತ್ತ ಬಂದರೂ ಬಸ್ಸಿಳಿದ ಬಾಯಾರಿದವರು ಒಳಗೆ ನುಗ್ಗಿ 'ಎರಡು ಗೋಲಿ ಸೋಡಾ ಕೊಡಿ' ಎನ್ನುತ್ತಿದ್ದರು. ಗಾಜಿನ ಬಾಟಲಿಗಳ ಸಾಲು ಕಣ್ಣೆದುರೇ ಇರುವಾಗ 'ಇಲ್ಲ' ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಅಲ್ಲಿ ನಾವು ಮೂರೇ ಜನ. ಒಬ್ಬರು ಆಫೀಸರು. ಮೈಸೂರು ಕಡೆಯ ತೆಳ್ಳಗಿನ ಮನುಷ್ಯ. ಜಿಗಣೆಯ ಹೆದರಿಕೆಗೆ ಮೊಣಕಾಲಿನವರೆಗೆ ದಪ್ಪ ಕಾಲುಚೀಲ ಎಳೆದು, ಅದರ ಮೇಲೆ ನಶ್ಯ ಉಜ್ಜಿಕೊಂಡು ಓಡಾಡುವವರು. ಬಾಗಿಲ ಹಿಡಿ ಮುಟ್ಟಿದರೂ ಕೈ ತೊಳೆಯುವವರು. ಎರಡನೆಯವಳು ನಾನು. ಮೂರನೆಯವಳು ಬಾಟಲಿ ತೊಳೆಯುವಾಕೆ. ನಲವತ್ತರ ಆಚೀಚಿನ ವಿಧವೆ, ದಿನಗೂಲಿಯವಳು. ತುಂಗೆಯ ಆಚೆ ದಡದ ಹಳ್ಳಿಯಲ್ಲಿ ಗೇಣಿ ಗದ್ದೆ ಮಾಡುವ ಅಣ್ಣನ ಮನೆಯಲ್ಲಿ ಇರುತ್ತಿದ್ದಳು. ಆಕೆ ನನ್ನನ್ನು ಸ್ಕೂಲಿನ ಟೀಚರಮ್ಮನಂತೆ 'ಅಕ್ಕೋರೇ' ಎನ್ನುತ್ತಿದ್ದಳು, ನಾನು ಆಕೆಯನ್ನು 'ಅಕ್ಕ' ಎನ್ನುತ್ತಿದ್ದೆ. ಇಬ್ಬರಲ್ಲಿ ದೊಡ್ಡವರು ಯಾರೆಂದು ಹೊರಗಿನವರು ನೋಡಿಯೇ ತಿಳಿದುಕೊಳ್ಳಬೇಕಿತ್ತು.

ನಾವು ಸಾಕುತ್ತಿದ್ದದ್ದು ಭತ್ತದ ಬೆಂಕಿ ರೋಗದ ಬೂಷ್ಟನ್ನು. ಈ ರೋಗ ಬಂದ ಗದ್ದೆಯಲ್ಲಿ ಎಲೆಯ ಮೇಲೆ ಕಣ್ಣಿನಾಕಾರದ ಕಂದು ಚುಕ್ಕೆಗಳು ಏಳುತ್ತವೆ, ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗಿ ಮುರಿಯುತ್ತದೆ. ದೂರದಿಂದ ನೋಡಿದರೆ ಗದ್ದೆಗೆ ಯಾರೋ ಬೆಂಕಿ ಇಟ್ಟು ಹೋದಂತೆ. ತೆನೆ ಹಿಡಿದು ತಿಕ್ಕಿದರೆ ಬರೀ ಜೊಳ್ಳು. ಆಫೀಸರು ಕಾಲುಚೀಲ ಏರಿಸಿಕೊಂಡು ಸಾಗರದ ಒಂದು ಗದ್ದೆ, ಹೊಸನಗರದ ಒಂದು ಗದ್ದೆ, ಇತ್ತ ತೀರ್ಥಹಳ್ಳಿ ಕಡೆಯ ಕವಲೇದುರ್ಗದ ಕೆಳಗಿನ ಒಂದು ಗದ್ದೆ, ಹೀಗೆ ಮೂರು ಕಡೆಯಿಂದ ರೋಗದ ಎಲೆ ತಂದು, ಮೂರು ಬೂಷ್ಟುಗಳನ್ನು ಬೇರೆ ಬೇರೆ ಮಾಡಿ ಇಟ್ಟಿದ್ದರು. ಅವಕ್ಕೆ ಇಂಗ್ಲಿಷಿನಲ್ಲಿ ಅಕ್ಷರ, ಅಂಕಿ ಎಲ್ಲ ಇದ್ದವು. ನಾನೂ ಅಕ್ಕನೂ ಸಾಗರದ್ದು, ಹೊಸನಗರದ್ದು, ತೀರ್ಥಹಳ್ಳಿಯದ್ದು ಎಂದೇ ಕರೆಯುತ್ತಿದ್ದೆವು. ಸಾಗರದ್ದು ಬೂದು ಬಣ್ಣದ ಶಾಲು ಹೊದ್ದ ಹಾಗೆ ದಟ್ಟವಾಗಿ, ಜಂಬದಿಂದ ಬೆಳೆಯುತ್ತಿತ್ತು. ನನ್ನ ಊರಿನದಲ್ಲವೇ, ನನಗೆ ಒಳಗೊಳಗೇ ಹೆಮ್ಮೆ. ತೀರ್ಥಹಳ್ಳಿಯದ್ದು ಗಡಿಬಿಡಿಯದು, ಮೊದಲ ನಾಲ್ಕು ದಿನದಲ್ಲೇ ಮುಗಿಸಿಬಿಡುತ್ತಿತ್ತು. ಹೊಸನಗರದ್ದು ಹೊಸನಗರದ ಬಸ್ಸಿನಂತೆ ಯಾವಾಗಲೂ ಎರಡು ದಿನ ತಡ.

'ಬೂಷ್ಟು ಅನ್ನಬೇಡೀಮ್ಮಾ, ಶಿಲೀಂಧ್ರ ಅನ್ನಿ' ಎಂದು ಆಫೀಸರು ತಿದ್ದುತ್ತಿದ್ದರು. ಶಿಲೀಂಧ್ರ ಎಂದ ಕೂಡಲೇ ಅದು ದೊಡ್ಡ ಮನುಷ್ಯನಾಗಿಬಿಡುತ್ತಿತ್ತು. ಅವರು ಎದುರಿಗಿದ್ದಾಗ ಶಿಲೀಂಧ್ರ, ಅತ್ತ ಹೋದಾಗ ಬೂಷ್ಟು ಎಂದು ನಾವು ರೂಢಿ ಮಾಡಿಕೊಂಡೆವು.

ಆಫೀಸರ ಯೋಚನೆ ಸರಳವಾಗಿತ್ತು. ಇದು ಏನು ತಿಂದರೆ ಕೊಬ್ಬುತ್ತದೆ, ಏನು ಸಿಗದಿದ್ದರೆ ಸೊರಗುತ್ತದೆ ಎಂದು ಗೊತ್ತಾದರೆ ಗದ್ದೆಯಲ್ಲಿ ಅದರ ಆಟ ಕಟ್ಟುವ ದಾರಿ ಹೊಳೆಯಬಹುದು. ಮೊದಲ ತಿಂಗಳೆಲ್ಲ ಅದಕ್ಕೆ ಆಲೂಗಡ್ಡೆ ಬೇಯಿಸಿದ ನೀರು, ಓಟ್ಸಿನ ಗಂಜಿ, ಅದು ಗಟ್ಟಿಯಾಗಲು ಚೈನಾಗ್ರಾಸು ಹಾಕಿ ಮಾಡಿದ ಹಲ್ವದಂಥದ್ದು. ತಿಂದು ತೇಗಿ ಬೆಳೆಯಿತು. ಆಮೇಲೆ ನಿಜವಾದ ಪರೀಕ್ಷೆ. ಶುದ್ಧ ನೀರಿಗೆ ಅಳೆದು ತೂಗಿದ ಸಕ್ಕರೆ, ಅಳೆದು ತೂಗಿದ ಉಪ್ಪುಗಳು, ಅಷ್ಟೇ. ಒಂದು ಬಾಟಲಿಗೆ ಕಬ್ಬಿನ ಸಕ್ಕರೆ, ಇನ್ನೊಂದಕ್ಕೆ ಗ್ಲೂಕೋಸು, ಮತ್ತೊಂದಕ್ಕೆ ಗಂಜಿಪುಡಿ. ಸಾರಜನಕಕ್ಕೆ ಒಂದರಲ್ಲಿ ಪಟಾಕಿಗೆ ಹಾಕುವ ಪೆಟ್ಲುಪ್ಪು, ಒಂದರಲ್ಲಿ ಅಮೋನಿಯಾ ಗೊಬ್ಬರ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಹನ್ನೆರಡು ದಿನವಾದ ಮೇಲೆ ಬೆಳೆದ ಬೂಷ್ಟನ್ನು ಸೋಸಿ, ಒಣಗಿಸಿ, ತಕ್ಕಡಿಯಲ್ಲಿಟ್ಟು ತೂಗಬೇಕು. ತಕ್ಕಡಿ ಎಷ್ಟು ನಾಜೂಕೆಂದರೆ ಪಕ್ಕದಲ್ಲಿ ಬಸ್ಸು ಸ್ಟಾರ್ಟ್ ಆದರೆ ಮುಳ್ಳು ನಡುಗುತ್ತಿತ್ತು. ಹೀಗಾಗಿ ವಿಜ್ಞಾನವೆಲ್ಲ ಪ್ರೈವೇಟ್ ಬಸ್ಸಿನ ವೇಳಾಪಟ್ಟಿಯ ಪ್ರಕಾರ ನಡೆಯುತ್ತಿತ್ತು. ಕಂಡಕ್ಟರ್ 'ರೈಟ್' ಎಂದು ಕೂಗಿ ಬಸ್ಸು ತಿರುವು ದಾಟಿದ ಮೇಲೆ ನಾನು ಉಸಿರು ಬಿಗಿಹಿಡಿದು ತೂಗುತ್ತಿದ್ದೆ.

ಸಕ್ಕರೆಗೆ ರೇಷನ್ ಇದ್ದ ಕಾಲ ಅದು. ನಾನಿದ್ದ ಚಿಕ್ಕಮ್ಮನ ಮನೆಯಲ್ಲಿ ಬೆಲ್ಲದ ಕಾಫಿ. ನಮ್ಮ ಬೂಷ್ಟಿಗೆ ಕಾರ್ಡಿಲ್ಲದೆ ಬಿಳಿ ಸಕ್ಕರೆ. ಚಿಕ್ಕಮ್ಮ ಇದನ್ನು ಎಂದೂ ಕ್ಷಮಿಸಲಿಲ್ಲ. 'ನಿಮ್ಮ ಆಫೀಸಿನ ಹಾಳು ರೋಗಕ್ಕೆ ಹಾಕೋ ಬದ್ಲು ಒಂದು ಪೊಟ್ಟಣ ಇತ್ತ ತಂದಿದ್ರೆ ರೋಗವೂ ಸಾಯ್ತಿತ್ತು, ನಮಗೂ ಕಾಫಿಯಾಗ್ತಿತ್ತು' ಎನ್ನುತ್ತಿದ್ದಳು. ಈ ಪದ್ಧತಿಯನ್ನು ನಾನು ಆಫೀಸರಿಗೆ ಸೂಚಿಸಲಿಲ್ಲ.

ರೈತರೂ ಕಡಿಮೆ ಇರಲಿಲ್ಲ. ಆಗ ಸರ್ಕಾರ ಚೀಲಗಟ್ಟಲೆ ಅಮೋನಿಯಾ ಗೊಬ್ಬರ ಕೊಟ್ಟು 'ಹಾಕಿ, ಹಾಕಿ' ಎನ್ನುತ್ತಿತ್ತು. ಹಾಕಿದವರ ಗದ್ದೆ ಕಡುಹಸಿರಾಗಿ ಎದ್ದು ನಿಂತು, ಅದಕ್ಕೇ ಮೊದಲು ಬೆಂಕಿ ರೋಗ ಬಡಿಯುತ್ತಿತ್ತು. ಒಬ್ಬ ಗೌಡರು ನಮ್ಮ ಅಂಗಳಕ್ಕೇ ಬಂದು ಕೇಳಿದ್ದರು. 'ಗೊಬ್ರ ಕೊಡೋರೂ ನೀವೇ, ರೋಗ ಸಾಕೋರೂ ನೀವೇ. ನಾವೆಂತ ನಡುವೆ ಬರೀ ಗದ್ದೆ ಕೊಟ್ಟವ್ರಾ?' ಆಫೀಸರು ಕೈ ತೊಳೆಯಲು ಒಳಗೆ ಹೋದರು.

ಇನ್ನು ಶಾಖದ ಕತೆ. ಬೂಷ್ಟಿಗೆ ಹದವಾದ ಬೆಚ್ಚಗೆ ಬೇಕು. ಒಂದು ಮರದ ಪೆಟ್ಟಿಗೆ, ಅದರೊಳಗೆ ಒಂದು ಬಲ್ಬು, ಇದು ನಮ್ಮ ಯಂತ್ರ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಹೋಯಿತು. ಆಫೀಸರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ಅಕ್ಕ ಒಂದು ದೊಡ್ಡ ಬುಟ್ಟಿಗೆ ಒಣಹುಲ್ಲು ತುಂಬಿ, ಬಾಳೆಗೊನೆ ಹಣ್ಣಿಗೆ ಹಾಕುವಂತೆ ಬಾಟಲಿಗಳನ್ನು ಹುಲ್ಲಿನ ನಡುವೆ ಹುದುಗಿಸಿ, ಮೇಲೆ ಗೋಣಿಚೀಲ ಹೊದೆಸಿದಳು. ಥರ್ಮಾಮೀಟರ್ ಇಟ್ಟು ನೋಡಿದರೆ ಪೆಟ್ಟಿಗೆಗಿಂತ ಬುಟ್ಟಿಯೇ ವಾಸಿ. ಆಫೀಸರು ಸಂತೋಷದಿಂದ, 'ಇವಳನ್ನ ಖಾಯಂ ಮಾಡಿಸಬೇಕು ಕಣಮ್ಮಾ, ಶಿಫಾರಸು ಬರೀತೀನಿ' ಎಂದರು. ಆ ಮಾತು ಆಕೆಯ ಕಿವಿಗೂ ಬಿತ್ತು.

ಅವತ್ತು ಆಕೆ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದ್ದು ಇಷ್ಟು. 'ಖಾಯಂ ಆತು ಅಂದ್ರೆ ಪ್ಯಾಟೇಲಿ ಒಂದು ಕ್ವಾಣೆ ಹಿಡಿತೀನಿ ಅಕ್ಕೋರೇ. ನಂದೇ ಒಂದು ಒಲೆ. ಹನ್ನೊಂದು ವರ್ಷ ಆತು ಅತ್ತಿಗೆ ಕೈಯಿಂದ ಬಡಿಸ್ಕಂಡು ಉಣ್ತಾ ಇರೋದು. ಅವ್ಳು ಕೆಟ್ಟೋಳಲ್ಲ. ಆದ್ರೆ ಒಂದ್ಸಲನೂ ಇನ್ನೊಂಚೂರು ಹಾಕು ಅಂತ ಕೇಳಿಲ್ಲ ನಾನು.' ಹೇಳಿ ಆಕೆ ಮತ್ತೆ ಬಾಟಲಿ ತಿಕ್ಕತೊಡಗಿದಳು. ನನಗೆ ಇಪ್ಪತ್ತೆರಡರ ವಯಸ್ಸು, ನಾನು ಅವತ್ತಿನವರೆಗೆ ಅನ್ನ ಕೇಳುವುದೂ ಒಂದು ಕಷ್ಟವಿರಬಹುದೆಂದು ಯೋಚಿಸಿದವಳಲ್ಲ.

ಈಗ ತೊಳೆಯುವ ಸಂಗತಿಗೆ ಬರಬೇಕು. ನನ್ನ ಮಾನ ಹೋಗುವುದೂ ಇಲ್ಲಿಂದಲೇ.

ಇಂಥ ಪ್ರಯೋಗಕ್ಕೆ ಬಾಟಲಿಯನ್ನು ಕ್ರೋಮಿಕ್ ಆಮ್ಲದಲ್ಲಿ ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಬೇಕೆಂಬುದು ನಿಯಮ. ಹಿಂದಿನದರ ಕಣವೂ ಉಳಿಯಬಾರದು. ಆಫೀಸರು ರಿಜಿಸ್ಟರಿನ ಮೊದಲ ಪುಟದಲ್ಲಿ, ತೊಳೆದ ವಿಧಾನ ಎಂಬ ಕಾಲಮಿನಲ್ಲಿ, ತಮ್ಮ ಮುದ್ದಾದ ಅಕ್ಷರದಲ್ಲಿ 'ಆಮ್ಲದಲ್ಲಿ ತೊಳೆಯಲಾಗಿದೆ' ಎಂದು ಬರೆದು ನನಗೆ ಒಪ್ಪಿಸಿದ್ದರು. ಆಲೂಗಡ್ಡೆ ಓಟ್ಸುಗಳ ತಿಂಗಳು ಮುಗಿಯುವಷ್ಟರಲ್ಲಿ ಆಮ್ಲದ ಜಾಡಿಯೂ ಮುಗಿಯಿತು. 'ಶಿವಮೊಗ್ಗಕ್ಕೆ ಬರೆದು ತರಿಸಿಕೊಳ್ಳಿ' ಎಂದು ಅವರು ಸಹಿ ಹಾಕಿದ ಕಾಗದ ಕೊಟ್ಟರು. ಆ ಕಾಗದವನ್ನು ನಾನು ಮೇಜಿನ ಡ್ರಾಯರಿನಲ್ಲಿಟ್ಟೆ. ಇಟ್ಟು ಮರೆತೆ. ಎರಡು ತಿಂಗಳ ಮೇಲೆ ಹೇರ್‌ಪಿನ್ ಹುಡುಕುವಾಗ ಸಿಕ್ಕಿತು. ಆಗ ಹೇಳಿದರೆ ಬೈಸಿಕೊಳ್ಳಬೇಕು, ತಾತ್ಕಾಲಿಕ ನೌಕರಿ ಬೇರೆ. ಮತ್ತೆ ಒಳಗೇ ಇಟ್ಟೆ.

ಅಲ್ಲಿಯವರೆಗೆ ಬಾಟಲಿ ಕೊಳಕಾಗಿ ಉಳಿಯಿತೆಂದು ತಿಳಿಯಬೇಡಿ. ಅಕ್ಕನ ಕೈಯಲ್ಲಿ ಗಾಜು ಕನ್ನಡಿಯಾಗುತ್ತಿತ್ತು. ಬೂದಿ ಹಾಕಬೇಡಿ, ಕ್ಷಾರ ಉಳಿಯುತ್ತದೆ ಎಂದು ಆಫೀಸರು ಮೊದಲೇ ಹೇಳಿದ್ದರು. ಸೋಪಿನ ನೊರೆ ಹೋಗುತ್ತಿರಲಿಲ್ಲ. ಬಾವಿಯ ನೀರಿಗೆ ಗಾಜಿನ ಮೇಲೆ ಕೆಂಪು ಕಲೆ ಕೂರುತ್ತಿತ್ತು. ಕೊನೆಗೆ ಆಕೆ ತನ್ನ ಮನೆಯ ಕ್ರಮ ಹಿಡಿದಳು. ಎಣ್ಣೆ ಪಾತ್ರೆಗೆ ಹೇಗೋ ಹಾಗೆ ಅಕ್ಕಿ ತೌಡು. ತೌಡಿನಲ್ಲಿ ತಿಕ್ಕಿ, ತೌಡು ಕದಡಿದ ನೀರಿನಲ್ಲೇ ಕುಲುಕಿ ಚೆಲ್ಲಿ, ಬಿಸಿಲಿಗೆ ಬೋರಲು ಹಾಕುವುದು. ಮತ್ತೆ ಬಾವಿ ನೀರು ಸೋಕಿಸಿದರೆ ಕಲೆ ಬರುತ್ತದೆಂದು ಜಾಲಿಸುತ್ತಿರಲಿಲ್ಲ. 'ಮಾಡ್ಲಾ ಅಕ್ಕೋರೇ?' ಎಂದು ನನ್ನನ್ನು ಕೇಳಿದ್ದಳು. 'ಮಾಡು ಅಕ್ಕ, ಚೊಕ್ಕಟ ಕಾಣುತ್ತಲ್ಲ' ಎಂದಿದ್ದೆ. ರಿಜಿಸ್ಟರಿನಲ್ಲಿ 'ಆಮ್ಲದಲ್ಲಿ ತೊಳೆಯಲಾಗಿದೆ' ಎಂಬುದರ ಕೆಳಗೆ ದಿನವೂ ಎರಡೆರಡು ಚುಕ್ಕೆ ಇಡುತ್ತ ಹೋದೆ. ಮೇಲಿನಂತೆ, ಮೇಲಿನಂತೆ, ಮೇಲಿನಂತೆ. ಏಳು ತಿಂಗಳು ನಾನು ಒಂದು ಅಕ್ಷರವನ್ನೂ ಸುಳ್ಳು ಬರೆಯಲಿಲ್ಲ, ಬರೀ ಚುಕ್ಕೆ ಇಟ್ಟೆ.

ಪ್ರಯೋಗ ಮಾತ್ರ ಅದ್ಭುತವಾಗಿ ನಡೆಯಿತು. ಬರೀ ಸಕ್ಕರೆ ಉಪ್ಪಿನ ನೀರಿನಲ್ಲಿ ಮೂರೂ ಬೂಷ್ಟುಗಳು ದಪ್ಪ ಕಂಬಳಿಯಂತೆ ಬೆಳೆದವು. ಆಫೀಸರು ಅರ್ಧವರ್ಷದ ವರದಿ ಬರೆದು ಬೆಂಗಳೂರಿಗೆ ಕಳಿಸಿ, ನಮಗೆ ಹೋಟೆಲಿನಿಂದ ಕಡುಬು ತರಿಸಿದರು. ಸಂತೋಷದ ಆ ಗಳಿಗೆಯಲ್ಲಿ ನನಗೆ ಧೈರ್ಯ ಬಂದು, ಡ್ರಾಯರಿನ ಕಾಗದವನ್ನು ಗುಟ್ಟಾಗಿ ಅಂಚೆಗೆ ಹಾಕಿದೆ. ಹೊಸ ಜಾಡಿ ಬಂತು. ಅಕ್ಕನಿಗೆ ರಬ್ಬರಿನ ಕೈಗವಸು ಕೊಟ್ಟು, ನಿಯಮದ ಪ್ರಕಾರ ಆಮ್ಲದಲ್ಲಿ ತೊಳೆದು ಬಟ್ಟಿ ನೀರಿನಲ್ಲಿ ಮೂರು ಸಲ ಜಾಲಿಸುವುದನ್ನು ಕಲಿಸಿದೆ. ಪಾಪ ಕಳೆಯಿತು ಎಂದುಕೊಂಡೆ.

ಮುಂದಿನ ಸರದಿಯಲ್ಲಿ ಬೂಷ್ಟು ಬೆಳೆಯಲಿಲ್ಲ.

ಬಾಟಲಿಯ ತಳದಲ್ಲಿ ಜೇಡರ ನೂಲಿನಂಥ ನಾಲ್ಕು ಎಳೆ ಕಂಡು, ಅಲ್ಲಿಗೇ ನಿಂತಿತು. ಅದೇ ಸಕ್ಕರೆ, ಅದೇ ಉಪ್ಪು, ಅದೇ ಬೆಚ್ಚಗಿನ ಬುಟ್ಟಿ. ಜಂಬದ ಸಾಗರದ್ದೂ ಬಾಲ ಮುದುರಿತು. ಎರಡನೆಯ ಸರದಿಯೂ ಹಾಗೆಯೇ. ಆಫೀಸರು ಊಟ ಬಿಟ್ಟರು. ನೀರು ಬದಲಿಸಿದರು, ಸಕ್ಕರೆ ಬದಲಿಸಿದರು, ಕೊನೆಗೆ ಅವರ ಕಣ್ಣು ತೊಟ್ಟಿಯ ಕಡೆ ತಿರುಗಿತು. 'ಆಮ್ಲ ಸರಿಯಾಗಿ ಜಾಲಿಸ್ತಿಲ್ಲ ಆಕೆ. ಗಾಜಿಗೆ ಅಂಟಿಕೊಂಡ ಆಮ್ಲ ನನ್ನ ಶಿಲೀಂಧ್ರವನ್ನ ಕೊಲ್ತಾ ಇದೆ. ಮೊದಲು ಚೆನ್ನಾಗೇ ತೊಳೀತಿದ್ಳಲ್ಲಾ, ಶಿಫಾರಸು ಅಂದ ಕೂಡಲೇ ಸೋಮಾರಿತನ ಬಂತು ನೋಡಿ' ಎಂದರು. ಶಿಫಾರಸಿನ ಕಾಗದ ಸಹಿಯಿಲ್ಲದೆ ಅವರ ಮೇಜಿನ ಮೇಲೇ ಇತ್ತು. ಅದರ ಮೇಲೆ ಮಸಿಕುಡಿಕೆ ಇಟ್ಟರು.

ಅಕ್ಕ ಅಳಲಿಲ್ಲ. ಮೂರು ಸಲ ಜಾಲಿಸುವಲ್ಲಿ ಆರು ಸಲ ಜಾಲಿಸಿದಳು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು, 'ಎಂತ ಆತು ಅಕ್ಕೋರೇ ಇವಕ್ಕೆ? ಹಸಿದವ್ರ ಹಂಗೆ ಕಾಣ್ತಾವಪ್ಪ' ಎಂದಳು. ವಿಜ್ಞಾನದ ಮಾತು ಅದೇ ಆಗಿತ್ತು. ನಾನು ಆಗ ಅದನ್ನು ಬಾಯಿಮಾತೆಂದು ಬಿಟ್ಟೆ.

ಕಣ್ಣು ತೆರೆಸಿದ್ದು ಒಂದು ಬಾಯಿ ಒಡೆದ ಬಾಟಲಿ. ಮೂರನೆಯ ಸರದಿಗೆ ಬಾಟಲಿ ಸಾಲದೆ, ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಅದನ್ನೂ ಸೇರಿಸಿದ್ದೆ. ಎಂಟು ದಿನದ ಮೇಲೆ ನೋಡಿದರೆ ಹದಿನೇಳು ಬಾಟಲಿಗಳಲ್ಲಿ ಜೇಡರ ನೂಲು, ಅದೊಂದರಲ್ಲಿ ಮಾತ್ರ ದಪ್ಪ ಕಂಬಳಿ. ಅದೂ ಹೊಸನಗರದ್ದು, ತಡಮಾಡುವ ಸೋಮಾರಿ! 'ಹೊರಗಿನದೇನೋ ಸೇರಿಕೊಂಡಿದೆ, ಚೆಲ್ಲಿ' ಎಂದರು ಆಫೀಸರು. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಮ್ಮದೇ ಬೂಷ್ಟು, ಶುದ್ಧವಾಗಿತ್ತು. ಚೆಲ್ಲದೆ ತೊಟ್ಟಿಯ ಹತ್ತಿರ ಒಯ್ದೆ.

'ಅಕ್ಕ, ಇದನ್ನ ಆಮ್ಲದಲ್ಲಿ ತೊಳೆದಿರಲಿಲ್ವಾ ನೀನು?'

'ಅದಾ? ಅದು ಹಳೇದು, ತೌಡಿನ ಕಾಲದ್ದು. ಬಾಯಿ ಒಡದಿತ್ತು ಅಂತ ಮೂಲೇಲಿ ಇಟ್ಟಿದ್ದೆ.'

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಮಾರನೆಯ ದಿನ ಆಫೀಸರಿಗೆ ಹೇಳದೆ ಆರು ಬಾಟಲಿ ಇಟ್ಟೆ. ಆರನ್ನೂ ಆಮ್ಲದಲ್ಲೇ ತೊಳೆಸಿದ್ದು. ಮೂರಕ್ಕೆ ತೌಡು ನೆನೆಸಿ ಸೋಸಿದ ತಿಳಿನೀರು ಕೆಲವು ಹನಿ, ಇನ್ನು ಮೂರಕ್ಕೆ ಏನೂ ಇಲ್ಲ. ಬುಟ್ಟಿಯ ಅಡಿಯಲ್ಲಿ ಬಚ್ಚಿಟ್ಟೆ. ವಾರ ಕಳೆಯಿತು. ತೌಡಿನ ಮೂರರಲ್ಲೂ ಕಂಬಳಿ, ಉಳಿದವು ಉಪವಾಸ. ಅಂದರೆ ಏಳು ತಿಂಗಳು ನಮ್ಮ ಬೂಷ್ಟು ಆಫೀಸರ ಸಕ್ಕರೆ ತಿಂದು ಬದುಕಿದ್ದು ನಿಜವೇ, ಆದರೆ ಗಾಜಿಗಂಟಿದ ತೌಡಿನ ಪಸೆ ಇಲ್ಲದೆ ಆ ಸಕ್ಕರೆ ಅದಕ್ಕೆ ದಕ್ಕುತ್ತಿರಲಿಲ್ಲ. ಆಕೆ ತಪ್ಪು ಮಾಡಿದಾಗ ಬೆಳೆಯಿತು, ಹೇಳಿದಂತೆ ಮಾಡಿದಾಗ ಸೊರಗಿತು, ಬೈಗುಳ ಬಿದ್ದದ್ದು ಹೇಳಿದಂತೆ ಮಾಡಿದ್ದಕ್ಕೆ.

ಓಡಿಹೋಗಿ ಹೇಳಬೇಕಿತ್ತು. ನಾಲ್ಕು ದಿನ ಸುಮ್ಮನಿದ್ದೆ. ತೌಡಿನ ಮಾತು ಎತ್ತಿದರೆ ಚುಕ್ಕೆಗಳ ಮಾತು ಬರುತ್ತದೆ, ಚುಕ್ಕೆಗಳ ಮಾತು ಬಂದರೆ ನಾನು ಸಾಗರಕ್ಕೆ ಹೋಗಿ ಮತ್ತೆ ಉಪ್ಪಿಟ್ಟು ಕಲಕಬೇಕು. ಐದನೆಯ ದಿನ ಆಫೀಸರು ತಾವೇ ಬುಟ್ಟಿಗೆ ಕೈ ಹಾಕಿ ಆರು ಬಾಟಲಿಗಳನ್ನೂ ಹೊರಗೆಳೆದರು. ಇನ್ನು ಬಾಯಿ ಬಿಡದೆ ಗತಿಯಿರಲಿಲ್ಲ.

ತೌಡು ಎಂದು ಕೇಳಿದ ಕೂಡಲೇ ಆ ಮನುಷ್ಯ ಕುಣಿದರು. ನಿಜವಾಗಿಯೂ ಕುಣಿದರು, ಕಾಲುಚೀಲ ಜಾರಿ ಹಿಮ್ಮಡಿಗೆ ಬಂತು. 'ವಿಟಮಿನ್ ಅಮ್ಮಾ, ವಿಟಮಿನ್! ಇದಕ್ಕೆ ತಾನೇ ಮಾಡಿಕೊಳ್ಳೋಕೆ ಬರಲ್ಲ, ಹೊರಗಿಂದ ಸಿಗಬೇಕು. ಒಂದು ಹನಿ ಸಾಕು!' ಎಂದು ಬೂಷ್ಟಿನ ಬಾಟಲಿಗೆ ಮುತ್ತಿಡುವುದೊಂದು ಬಾಕಿ. ಕೈ ತೊಳೆಯುವುದನ್ನೂ ಮರೆತರು. ಆಮೇಲೆ ಒಮ್ಮೆಲೇ ನಿಂತರು. 'ಅಲ್ಲಾ, ಆಮ್ಲದಲ್ಲಿ ತೊಳೆದ ಬಾಟಲಿಗೆ ತೌಡು ಹೇಗೆ ಬಂತು?'

'ಅಕ್ಕ ತೌಡಿನಲ್ಲಿ ತೊಳೀತಿದ್ಳು ಸಾರ್' ಎಂದೆ. ಅಷ್ಟು ಮಾತ್ರ ಎಂದೆ.

'ನೀವು ಆಮ್ಲ ಕೊಟ್ಟಿದ್ರಲ್ಲಾ, ರಿಜಿಸ್ಟರ್ ಹೇಳ್ತಿದೆ. ನಿಮ್ಮ ಕಣ್ಣು ತಪ್ಪಿಸಿ ಮಾಡಿದ್ದಾಳೆ ಹಾಗಾದ್ರೆ.' ನಾನು ನೆಲ ನೋಡಿದೆ. ಅವರು ಅದನ್ನು ಹೌದೆಂದು ತಿಳಿದರು. ಅವರ ಸಂಕಟವೂ ಸುಳ್ಳಲ್ಲ. ಅರ್ಧವರ್ಷದ ವರದಿ ಬೆಂಗಳೂರಿಗೆ ಹೋಗಿಯಾಗಿತ್ತು, ಅದು ತಪ್ಪೆಂದು ಈಗ ಅವರೇ ಬರೆಯಬೇಕು, ಯಾಕೆ ತಪ್ಪಾಯಿತೆಂದು ಹೇಳಬೇಕು. 'ಒಂದು ವಿವರಣೆ ಬರೆದು ಆಕೆಯ ಹೆಬ್ಬೆಟ್ಟು ಹಾಕಿಸಿಕೊಂಡು ಬನ್ನಿ. ತಿಂಗಳ ಕೊನೆಗೆ ಬೇರೆಯವರನ್ನ ನೋಡೋಣ' ಎಂದರು.

ಬರೆದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸೊಗಸಾಗಿ ಬರೆದೆ. ಪುಟದ ತುಂಬ, ಅಂಚು ಬಿಟ್ಟು, ಒಂದೂ ಚಿತ್ತಿಲ್ಲದೆ. ಪ್ರಯೋಗಾಲಯದ ನಿಯಮ, ಆಮ್ಲದ ಮಹತ್ವ, ತಿಳಿಸಿಕೊಟ್ಟಾಗ್ಯೂ ಅನುಮತಿಯಿಲ್ಲದೆ ತೌಡು ಬಳಸಲಾದದ್ದು, ತೊಳೆಯುವವರು ತಮ್ಮ ತಪ್ಪನ್ನು ಒಪ್ಪಿಕೊಂಡದ್ದು. ಕಾಗದ, ಮಸಿಯ ಡಬ್ಬಿ ಹಿಡಿದು ತೊಟ್ಟಿಗೆ ಹೋದೆ. ಆಕೆ ರಬ್ಬರಿನ ಕೈಗವಸು ಕಳಚಿ, ಸೆರಗಿಗೆ ಕೈ ಒರೆಸಿ, ಹೆಬ್ಬೆಟ್ಟು ಮುಂದೆ ಮಾಡಿದಳು. ಮಾಡಿ, ಅಲ್ಲೇ ತಡೆದು ಕೇಳಿದಳು.

'ಎಂತ ಬರ್ದಿದ್ದು? ಒಂಚೂರು ಓದಿ ಹೇಳಿ ಅಕ್ಕೋರೇ.'

ಓದಲು ಬಾಯಿ ತೆರೆದೆ. ಮೊದಲ ಸಾಲು ಕಣ್ಣೆದುರಿಗಿತ್ತು. ಬರೆಯುವಾಗ ಬಾರದ ನಾಚಿಕೆ ಓದುವಾಗ ಬಂತು. ಕಾಗದವನ್ನು ಮುಖಕ್ಕೆ ಹತ್ತಿರ ಹಿಡಿದು, ಅದರಲ್ಲಿಲ್ಲದ್ದನ್ನು ಓದಿದೆ. 'ಆಮ್ಲ ಮುಗಿದಿತ್ತು. ತರಿಸುವ ಕಾಗದವನ್ನು ಡ್ರಾಯರಿನಲ್ಲಿಟ್ಟು ಮರೆತವಳು ನಾನು. ತೌಡಿನಲ್ಲಿ ತೊಳೆಯಲು ನಾನೇ ಒಪ್ಪಿದ್ದೆ.'

ಆಕೆ ಹೆಬ್ಬೆಟ್ಟನ್ನು ಹಿಂದಕ್ಕೆ ತೆಗೆದುಕೊಂಡಳು. 'ತಪ್ಪೆಲ್ಲ ನಿಮ್ದು ಅಂತ ಬರ್ದಿದ್ರೆ ನನ್ ಹೆಬ್ಬೆಟ್ಟು ಎಂತಕೆ?'

'ಹೌದಲ್ವಾ' ಎಂದೆ. ಒಳಗೆ ಹೋಗಿ ಆ ಚಂದದ ಪುಟವನ್ನು ಸ್ಪಿರಿಟ್ ದೀಪಕ್ಕೆ ಹಿಡಿದೆ. ಹೊಸ ಹಾಳೆಯಲ್ಲಿ, ಆಕೆಗೆ ಓದಿ ಹೇಳಿದ್ದ ಮೂರೇ ಮಾತುಗಳನ್ನು ಬರೆದು, ಸಹಿ ಹಾಕಿ ಆಫೀಸರ ಮುಂದಿಟ್ಟೆ. ಅವರು ಓದಿದರು. ಆಮೇಲೆ ರಿಜಿಸ್ಟರ್ ತರಿಸಿ ಏಳು ತಿಂಗಳ ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. 'ನಿಮ್ಮ ಕೈಗೆ ಬರವಣಿಗೆ ಕೊಟ್ಟಿದ್ದು ನನ್ನ ತಪ್ಪು' ಎಂದರು. ಆಮೇಲೆ ಎದ್ದುಹೋಗಿ ಕೈ ತೊಳೆದುಕೊಂಡರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನನ್ನ ತಾತ್ಕಾಲಿಕ ನೌಕರಿ ಮುಂದುವರಿಯಲಿಲ್ಲ. ಪೂರ್ತಿ ಮನೆಗೂ ಕಳಿಸಲಿಲ್ಲ. ಹೊಸನಗರದ ಒಂದು ಕಚೇರಿಯಲ್ಲಿ ಬೀಜದ ಚೀಲಗಳಿಗೆ ಚೀಟಿ ಬರೆಯುವ ಕೆಲಸಕ್ಕೆ ಹಾಕಿದರು. ಆಫೀಸರು ವರದಿ ತಿದ್ದಿ ಬರೆದರು, ತೌಡಿನ ತಿಳಿಯನ್ನು ಅಳೆದು ಹಾಕುವ ಹೊಸ ಪ್ರಯೋಗ ಶುರುಮಾಡಿದರು. ಅಕ್ಕನ ಶಿಫಾರಸಿನ ಮೇಲಿಂದ ಮಸಿಕುಡಿಕೆ ಎತ್ತಿ ಸಹಿ ಹಾಕಿದರು. ಆಕೆ ಖಾಯಂ ಆದಳು.

ಮುಂದಿನ ವರ್ಷ ಸಾಗರಕ್ಕೆಂದು ಹೊರಟವಳು ಸುಮ್ಮನೆ ದಾರಿ ಬದಲಿಸಿ ತೀರ್ಥಹಳ್ಳಿಗೆ ಹೋದೆ. ಅಕ್ಕ ತೊಟ್ಟಿಯ ಹತ್ತಿರವೇ ಇದ್ದಳು, ಕೈಗೆ ರಬ್ಬರಿನ ಗವಸು, ಪಕ್ಕದಲ್ಲಿ ತೌಡಿನ ಡಬ್ಬಿ. ಡಬ್ಬಿಯ ಮೇಲೆ ಇಂಗ್ಲಿಷಿನ ಚೀಟಿ ಅಂಟಿಸಿದ್ದರು. ಕೋಣೆ ಹಿಡಿದದ್ದು, ಅತ್ತಿಗೆ ಬಂದು ಎರಡು ದಿನ ಉಂಡುಹೋದದ್ದು, ಸಾಗರದ ಬೂಷ್ಟು ಇನ್ನೂ ಜಂಬ ಮಾಡುವುದು, ಎಲ್ಲ ಹೇಳಿದಳು. ನಾನು ಹೊರಡಲು ಎದ್ದಾಗ ನಗುತ್ತಲೇ ಅಂದಳು.

'ಅವತ್ತು ನೀವು ಓದಿದ್ದು ಆ ಕಾಗ್ದದಲ್ಲಿ ಇರ್ಲಿಲ್ಲ ಅಲ್ದಾ?'

'ಅದು ನಿನಗೆ ಹೇಗೆ ಗೊತ್ತು?'

'ಕಾಗ್ದದ ತುಂಬ ಇರುವೆ ಸಾಲು ಹೋದ ಹಂಗೆ ಬರ್ದಿತ್ತು. ನೀವು ಓದಿದ್ದು ಮೂರು ಮಾತು. ನಂಗೆ ಓದಕ್ ಬರ್ದೇ ಇರ್ಬಹುದು, ಉದ್ದ ಗಿಡ್ಡ ಕಾಣಲ್ವಾ?'

'ಗೊತ್ತಿದ್ದೂ ಅವತ್ತೇ ಕೇಳಬಾರದಿತ್ತಾ ಅಕ್ಕ?' ಎಂದೆ.

ಆಕೆ ಬಾಟಲಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತ ಹೇಳಿದಳು, 'ಕೇಳಿದ್ನಲ್ಲಾ ಅಕ್ಕೋರೇ, ನನ್ ಹೆಬ್ಬೆಟ್ಟು ಎಂತಕೆ ಅಂತ.'